ರಜೆಯ ಕೂಟಕ್ಕೆ ಗುಮ್ಮನ ತಿಂಡಿಗಳು: ನಮ್ಮ ಕರಾವಳಿಯ ಸೆಕೆಯಲ್ಲಿ ಚಾಕೊಲೇಟ್ ಹೊದಿಕೆ ನಿಲ್ಲುವಂತೆ ಮಾಡುವುದು ಹೇಗೆ?

ನೀರ್ಚಾಲಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ಈ ಬಾರಿಯ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ತರವಾಡು ಮನೆಯಲ್ಲಿ, ಅಂದರೆ ಹಿರಿಯರ ಮೂಲಮನೆಯಲ್ಲಿ, ಮಕ್ಕಳ ಕೂಟವೊಂದನ್ನು ಇಟ್ಟುಕೊಂಡಿದ್ದೇವೆ. ಬೆಂಗಳೂರು, ಮೈಸೂರುಗಳಿಂದ ಬರುವವರು, ಇಲ್ಲಿಯ ನೆರೆಮನೆಯವರು, ಐರ್ಲೆಂಡಿನಿಂದ ಬರುವ ನಾದಿನಿಯ ಇಬ್ಬರು ಮಕ್ಕಳು, ಎಲ್ಲರೂ ಸೇರಿ 22 ಮಂದಿ ಆಗುತ್ತಾರೆ. ಅತ್ಯಂತ ಚಿಕ್ಕವನಿಗೆ 3 ವರ್ಷ, ದೊಡ್ಡವಳಿಗೆ 14. ಐರ್ಲೆಂಡಿನ ಮಕ್ಕಳು ಅಕ್ಟೋಬರ್ 31ರಂದು ಅಲ್ಲಿ ಆಚರಿಸುವ ಹ್ಯಾಲೋವೀನಿನ ಬಗ್ಗೆ ಫೋನಿನಲ್ಲಿ ವಿವರಿಸಿ, ಜೇಡ, ಬಾವಲಿ, ತುಂಡಾದ ಬೆರಳು ಮುಂತಾದ ಆಕಾರಗಳ ಚಾಕೊಲೇಟ್ ತಿಂಡಿಗಳ ಚಿತ್ರಗಳನ್ನು ಕಳುಹಿಸಿದಂದಿನಿಂದ ನನ್ನ ಮಗಳಿಗೆ ಬೇರೆ ಧ್ಯಾನವೇ ಇಲ್ಲ. ತಿಂಗಳು ಯಾವುದಾದರೇನು, ಎಲ್ಲರೂ ಒಟ್ಟಾಗುವುದು ಡಿಸೆಂಬರಿನಲ್ಲೇ ಆದ್ದರಿಂದ ಆಗಲೇ ಮಾಡೋಣವೆಂದು ನಾನೂ ಒಪ್ಪಿದೆ.

ಕಳೆದ ಭಾನುವಾರ ಮಾಡಿನೋಡಿದ ಮೊದಲ ಪ್ರಯತ್ನ ಎರಡು ಕಡೆ ಕೆಟ್ಟಿತು. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಚಾಕೊಲೇಟ್ ಕರಗಿಸುತ್ತಿದ್ದಾಗ, ಚೆನ್ನಾಗಿ ಕರಗುತ್ತಿದ್ದದ್ದು ಇದ್ದಕ್ಕಿದ್ದಂತೆ ಒದ್ದೆ ಮಣ್ಣಿನಂತೆ ಮುದ್ದೆ ಕಟ್ಟಿತು. ಎರಡನೆಯ ಬಾರಿ ಕರಗಿಸಿದ್ದು ಸರಿಯಾಗಿಯೇ ಬಂತು; ಆದರೆ ಅದರಲ್ಲಿ ಅದ್ದಿದ ನೇಂದ್ರ ಬಾಳೆಕಾಯಿ ಚಿಪ್ಸ್ ಮರುದಿನ ಬೆಳಗ್ಗೆಯೂ ಒಣಗಿರಲಿಲ್ಲ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಚಿಪ್ಸ್ ಮನೆಯಲ್ಲೇ ತೆಂಗಿನೆಣ್ಣೆಯಲ್ಲಿ ಕರಿದದ್ದು. ಚಾಕೊಲೇಟ್ ಪೇಟೆಯ ಅಂಗಡಿಯಿಂದ ತಂದ ದೊಡ್ಡ ಹಲಗೆ. ತಪ್ಪಿದ್ದು ಎಲ್ಲಿ ಎಂದು ಬಲ್ಲವರು ತಿಳಿಸಬೇಕು. ವಿದೇಶದ ಬಿಸ್ಕಿಟ್‌ಗಳನ್ನು ಹುಡುಕಿ ತರುವುದಕ್ಕಿಂತ ನಮ್ಮ ಮನೆಯ ಕರಿದ ತಿಂಡಿಗಳಿಂದಲೇ ಇದನ್ನು ಮಾಡಬೇಕೆಂಬುದು ನನ್ನ ಆಸೆ.

ಬೇಕರಿ, ಕಾಸರಗೋಡು ಪೇಟೆ:

ಅಕ್ಕ, ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಮೊದಲನೆಯದು ನೀರು. ಕರಗಿದ ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೊಕ್ಕೊ ಹುಡಿ. ಅದರೊಳಗೆ ಎಲ್ಲಿಯೂ ನೀರಿನ ಪಸೆ ಇರುವುದಿಲ್ಲ. ಕೆಳಗಿನ ಪಾತ್ರೆಯ ಆವಿಯಿಂದ ನಾಲ್ಕು ಹನಿ ಬಿದ್ದರೂ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಗ ಇಡೀ ಪಾತ್ರೆಯದು ಗಂಟಾಗುತ್ತದೆ. ಹಾಗಾದದ್ದನ್ನು ಹೊದಿಕೆಗೆ ಮರಳಿ ತರಲು ಆಗುವುದಿಲ್ಲ. 50 ಗ್ರಾಂ ಚಾಕೊಲೇಟಿಗೆ ಒಂದು ದೊಡ್ಡ ಚಮಚದಷ್ಟು ಬಿಸಿ ಹಾಲು ಸೇರಿಸಿ ಕದಡಿದರೆ ಸಡಿಲವಾಗುತ್ತದೆ, ಆದರೆ ಅದು ಕೇಕಿನ ಮೇಲೆ ಸುರಿಯುವ ಸಾರವಷ್ಟೇ ಆದೀತು. ಆದುದರಿಂದ ಕೆಳಗಿನ ನೀರು ಕುದಿಯಬಾರದು. ನೀರು ಬಿಸಿಯಾದ ಮೇಲೆ ಒಲೆಯನ್ನು ಆರಿಸಿ, ಮೇಲಿನ ಪಾತ್ರೆಯ ತಳ ನೀರನ್ನು ಮುಟ್ಟದಂತೆ ಇಟ್ಟು, ಆವಿ ಹೊರಗೆ ನುಸುಳದಷ್ಟು ಅಗಲದ ಪಾತ್ರೆಯನ್ನು ಆರಿಸಿಕೊಳ್ಳಿ. ಪಾತ್ರೆಯನ್ನು ಕೆಳಗಿಳಿಸಿದ ಕೂಡಲೇ ಅದರ ತಳವನ್ನು ಬಟ್ಟೆಯಿಂದ ಒರೆಸಬೇಕು. ಓರೆ ಮಾಡಿ ಸುರಿಯುವಾಗ ತಳದ ಹನಿಯೇ ಹೆಚ್ಚಿನವರ ಚಾಕೊಲೇಟನ್ನು ಕೆಡಿಸುವುದು. ಮೈಕ್ರೋವೇವ್ ಇದ್ದರೆ 20 ಸೆಕೆಂಡಿಗೊಮ್ಮೆ ತೆಗೆದು ಕದಡುತ್ತಾ ಕರಗಿಸುವುದು ಇದಕ್ಕಿಂತ ಸುಲಭ.

ಎರಡನೆಯದು ಎಣ್ಣೆ, ಇದು ನಮ್ಮ ಊರಿಗೇ ವಿಶೇಷವಾದ ತೊಂದರೆ. ನಿಜವಾದ ಚಾಕೊಲೇಟಿನಲ್ಲಿರುವ ಕೊಬ್ಬು ಕೊಕ್ಕೊ ಬೆಣ್ಣೆ. ಅದು ಸರಿಯಾದ ಹರಳುಗಳಾಗಿ ಗಟ್ಟಿಯಾದರೆ ಸುಮಾರು 34 ಡಿಗ್ರಿಯವರೆಗೆ ಕರಗುವುದಿಲ್ಲ, ಬಾಯಿಗಿಟ್ಟರೆ ಕರಗುತ್ತದೆ. ಆದರೆ ತೆಂಗಿನೆಣ್ಣೆ ಅದರೊಂದಿಗೆ ಬೆರೆತರೆ ಎರಡೂ ಕೂಡಿದ ಮಿಶ್ರಣವು ಕೊಕ್ಕೊ ಬೆಣ್ಣೆಗಿಂತ ಬಹಳ ಬೇಗ ಮೆತ್ತಗಾಗುತ್ತದೆ. ತೆಂಗಿನೆಣ್ಣೆ ತಾನೇ 24 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು. ಜತೆಗೆ ಈ ಎರಡು ಕೊಬ್ಬುಗಳ ಹರಳುಗಳು ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ ಚಿಪ್ಸಿನ ಮೈಮೇಲಿದ್ದ ಎಣ್ಣೆಯೇ ಹೊದಿಕೆಯನ್ನು ಒಣಗಲು ಬಿಡಲಿಲ್ಲ. ಕರಿದ ತಿಂಡಿಯನ್ನು ಒಂದು ದಿನ ಮೊದಲೇ ಮಾಡಿ, ಕಾಗದದ ಮೇಲೆ ಹರಡಿ, ಕಾಗದವನ್ನು ಎರಡು ಬಾರಿ ಬದಲಾಯಿಸಿ, ಎಣ್ಣೆ ಪೂರ್ತಿ ಇಳಿದ ಮೇಲೆ ಅದ್ದಿದರೆ ಫಲ ಬೇರೆಯೇ ಆಗುತ್ತದೆ.

ಇನ್ನು ಯಾವ ಚಾಕೊಲೇಟ್ ಎಂಬುದು. ಪೊಟ್ಟಣದ ಹಿಂಬದಿಯನ್ನು ಓದಿ. ಕೊಕ್ಕೊ ಬೆಣ್ಣೆ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಕೊಕ್ಕೊ ಬೆಣ್ಣೆಯ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಕಾಂಪೌಂಡ್. ನಿಜವಾದದ್ದಕ್ಕೆ ಟೆಂಪರಿಂಗ್ ಮಾಡಲೇಬೇಕು: ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕರಗಿಸಿ, ಕದಡುತ್ತಾ 27-28 ಡಿಗ್ರಿಗೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಅದ್ದಬೇಕು, ಹಾಲಿನ ಚಾಕೊಲೇಟಿಗೆ ಕೊನೆಯ ಅಂಕಿ 29-30, ಬಿಳಿಯದಕ್ಕೆ 28-29. ಮನೆಯೊಳಗಿನ ಗಾಳಿಯೇ 31 ಡಿಗ್ರಿ ಇರುವ ಹಗಲಿನಲ್ಲಿ ಅದನ್ನು 27ಕ್ಕೆ ಇಳಿಸುವುದಾದರೂ ಹೇಗೆ? ಹವಾನಿಯಂತ್ರಿತ ಕೋಣೆ ಇಲ್ಲದವರು ಹೊದಿಕೆಗೆ ಕಾಂಪೌಂಡನ್ನೇ ಬಳಸುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಅದರಲ್ಲಿ ಸಾಮಾನ್ಯವಾಗಿರುವುದು ತಾಳೆಬೀಜದ ಕೊಬ್ಬು. ಅದು ತೆಂಗಿನೆಣ್ಣೆಯ ಕುಲದ್ದೇ ಆದ್ದರಿಂದ ತಿಂಡಿಯ ಸಣ್ಣ ಎಣ್ಣೆಪಸೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಒಂದು ಎಚ್ಚರಿಕೆ ಮಾತ್ರ: ರುಚಿ ಹೆಚ್ಚಲೆಂದು ನಿಜವಾದ ಚಾಕೊಲೇಟನ್ನೂ ಕಾಂಪೌಂಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ. ಹಾಗೆ ಮಾಡಿದರೆ ಹೊದಿಕೆ ಮೆತ್ತಗೂ ಆಗುತ್ತದೆ, ಕೆಲವು ದಿನಗಳಲ್ಲಿ ಬಿಳಿಚಿಕೊಳ್ಳುತ್ತದೆ.

ಉಪ್ಪಳದ ಅಡುಗೆಮನೆ:

ಬೇಕರಿಯವರು ಹೇಳಿದ ಎಣ್ಣೆಯ ಮಾತು ನನಗೂ ಹೊಸದು, ಬಹಳ ಉಪಕಾರವಾಯಿತು. ಆಕಾರಗಳ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಡಬ್ಬಿಗಳಲ್ಲಿರುವ ತಿಂಡಿಗಳಿಗೆ ಹುಟ್ಟಿನಿಂದಲೇ ಬೇಕಾದ ಆಕಾರವಿದೆ, ನಾವು ನೋಡುವುದಿಲ್ಲ ಅಷ್ಟೇ.

ಚಕ್ಕುಲಿ ಎಂದರೆ ಅರ್ಧ ಮುಗಿದ ಜೇಡರ ಬಲೆ. ಅದರ ಒಂದು ಮುಖವನ್ನು ಕಪ್ಪು ಚಾಕೊಲೇಟಿನಲ್ಲಿ ಅದ್ದಿ, ಇನ್ನೂ ಹಸಿಯಾಗಿರುವಾಗಲೇ ಬಿಳಿ ಚಾಕೊಲೇಟಿನಿಂದ ಸುರುಳಿಯ ಗೆರೆಯನ್ನು ಎಳೆದು, ತೊಳೆದು ಒಣಗಿಸಿದ ತೆಂಗಿನ ಗರಿಯ ಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಎಂಟು ಬಾರಿ ಗೀರಿದರೆ ಬಲೆ ಮೂಡುತ್ತದೆ. ಜೇಡಕ್ಕೆ ಖಾರಕಡ್ಡಿ ಬೇಕು. ಒಂದು ಚಮಚ ಕರಗಿದ ಚಾಕೊಲೇಟನ್ನು ಬಟರ್ ಪೇಪರಿನ ಮೇಲೆ ಗುಂಡಗೆ ಬಿಟ್ಟು, ಎರಡು ಬದಿಗೆ ನಾಲ್ಕು ನಾಲ್ಕು ಖಾರಕಡ್ಡಿಯ ತುಂಡುಗಳನ್ನು ಸಿಕ್ಕಿಸಿ, ಮೇಲೆ ಹುರಿದ ಗೇರುಬೀಜದ ಒಂದು ಬೇಳೆಯನ್ನಿಟ್ಟು ಮತ್ತೊಂದು ಚಮಚ ಸುರಿಯಿರಿ. ಸಿಹಿಯ ನಡುವೆ ಬರುವ ಆ ಉಪ್ಪು ಮತ್ತು ಮೆಣಸಿನ ಖಾರವನ್ನು ಮಕ್ಕಳು ಬೇಡವೆನ್ನುತ್ತಾರೆಂದು ನಾನು ಹೆದರಿದ್ದೆ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾದದ್ದು ಅದೇ ತಟ್ಟೆ.

ಇಡಿಯ ಗೇರುಬೀಜ ತಾನಾಗಿಯೇ ತಲೆ ಬಾಗಿಸಿ ನಿಂತ ಗುಮ್ಮನಂತಿದೆ. ಹುರಿದು ಪೂರ್ತಿ ತಣಿದ ಬೀಜವನ್ನು ಬಿಳಿ ಚಾಕೊಲೇಟಿನಲ್ಲಿ ಅದ್ದಿ, ಎರಡು ಕರಿ ಎಳ್ಳನ್ನು ಕಣ್ಣಾಗಿ ಅಂಟಿಸಿದರಾಯಿತು. ಕಾಲು ಕಿಲೋ ಬೀಜಕ್ಕೆ ಸುಮಾರು 200 ಗ್ರಾಂ ಬಿಳಿ ಚಾಕೊಲೇಟ್ ಸಾಕಾಗುತ್ತದೆ. ಬಾವಲಿಗೆ ಹಲಸಿನಕಾಯಿ ಸೋಂಟೆಯಷ್ಟು (ಕರಿದ ಚಿಪ್ಸಿನಷ್ಟು) ಒಪ್ಪುವ ವಸ್ತು ಬೇರೆ ಇಲ್ಲ: ಉದ್ದನೆಯ, ಸ್ವಲ್ಪ ಬಾಗಿದ ಎರಡು ಸೋಂಟೆಗಳು ರೆಕ್ಕೆ, ನಡುವೆ ಚಾಕೊಲೇಟಿನ ಮುದ್ದೆ ಮೈ. ಬೆರಳಿಗೆ ಸುಕೇಳಿಯನ್ನು ನೆನೆಸಿಕೊಳ್ಳಿ. ಒಣಗಿ ಸುಕ್ಕುಗಟ್ಟಿದ ಬಾಳೆಹಣ್ಣು ಅಜ್ಜಿಯ ಬೆರಳಿನ ಹಾಗೆಯೇ ಇರುತ್ತದೆ. ಅದನ್ನು ತೆಳ್ಳಗೆ ಸೀಳಿ, ಬಿಳಿ ಚಾಕೊಲೇಟಿನಲ್ಲಿ ಅದ್ದಿ, ಸಿಪ್ಪೆ ಸುಲಿದ ಅರ್ಧ ಬಾದಾಮಿಯನ್ನು ಉಗುರಾಗಿ ಒತ್ತಿದರೆ ದೊಡ್ಡವರೂ ಒಂದು ಕ್ಷಣ ಕೈ ಹಿಂದೆಗೆಯುತ್ತಾರೆ. ಆದರೆ ಸುಕೇಳಿಯಲ್ಲಿ ಅಂಟು ಉಳಿದಿದ್ದರೆ ಹೊದಿಕೆ ಜಾರಿಬೀಳುತ್ತದೆ. ಎರಡು ಬಿಸಿಲು ಹೆಚ್ಚು ಕಾಯಿಸಿಕೊಳ್ಳಿ.

ಪೆರ್ಲದ ಅಜ್ಜ:

ಮಕ್ಕಳ ಸಂತೋಷಕ್ಕೆ ಅಡ್ಡ ಬರುವವನು ನಾನಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಬೇರೆ ಊರುಗಳಲ್ಲಿ ಭೂತ ಎಂದರೆ ದೆವ್ವ ಎಂಬ ಅರ್ಥ ಇರಬಹುದು. ನಮ್ಮ ಈ ನೆಲದಲ್ಲಿ ಭೂತ ಎಂದರೆ ಮನೆಯನ್ನೂ ಬೆಳೆಯನ್ನೂ ಕಾಯುವ ದೈವ. ನೀವು ಕೂಟವಿಟ್ಟುಕೊಂಡಿರುವ ಡಿಸೆಂಬರ್ ಎಂದರೆ ದೈವಗಳಿಗೆ ನೇಮ, ಕೋಲ ನಡೆಯುವ ಕಾಲ. ಚಂದ್ರಗಿರಿ ಹೊಳೆಯ ಆಚೆ ತುಲಾ ತಿಂಗಳ ಹತ್ತರಿಂದಲೇ, ಅಂದರೆ ಅಕ್ಟೋಬರ್ ಕೊನೆಯಿಂದಲೇ, ಅಂಥದ್ದೇ ಆರಾಧನೆಯಾದ ತೆಯ್ಯಗಳು ಶುರುವಾಗಿರುತ್ತವೆ. ಅಂಥ ಸಮಯದಲ್ಲಿ ಭೂತದ ತಿಂಡಿ ಎಂದು ಹೆಸರಿಟ್ಟು, ಮುಖಕ್ಕೆ ಹಳದಿ ಕೆಂಪು ಬರೆದು, ಬೆನ್ನಿಗೆ ದೈವದ ಅಣಿಯಂತೆ (ಬೆನ್ನ ಹಿಂದಿನ ಅಲಂಕಾರದ ಚೌಕಟ್ಟಿನಂತೆ) ಏನನ್ನೋ ಕಟ್ಟಿ ಮಕ್ಕಳ ಕೈಗೆ ಕಚ್ಚಲು ಕೊಟ್ಟರೆ, ಅದನ್ನು ಕಟ್ಟಿ ಕುಣಿಯುವವರ ಮಕ್ಕಳೂ ನಿಮ್ಮ ಕೂಟದಲ್ಲಿ ಇರಬಹುದೆಂಬುದನ್ನು ಯೋಚಿಸಿ. ಆ ಮಗುವಿಗೆ ಅದು ಅಪ್ಪನ ಮುಖ.

ಹಾಗೆಯೇ ಮಳೆಗಾಲದ ಆಟಿ ತಿಂಗಳಲ್ಲಿ ನಾವು ತೀರಿಹೋದವರಿಗೆ ಬಡಿಸುತ್ತೇವೆ. ಅವರನ್ನು ಕರೆಯುವ ಕುಲೆ ಎಂಬ ಮಾತನ್ನೂ ಆಟಕ್ಕೆ ತರಬೇಡಿ. ಗುಮ್ಮ ಎಂಬ ಹಳೆಯ ಮಾತೊಂದು ಇದೆಯಲ್ಲ, ಅನ್ನ ಉಣ್ಣದ ಮಗುವನ್ನು ಹೆದರಿಸಲು ಹುಟ್ಟಿದ್ದು. ಅದು ಯಾರ ಕುಲದೈವವೂ ಅಲ್ಲ, ಯಾರ ಮನೆಯ ಹಿರಿಯನೂ ಅಲ್ಲ. ಅಡುಗೆಮನೆಯವರು ಗೇರುಬೀಜಕ್ಕೆ ಆ ಹೆಸರಿಟ್ಟದ್ದು ನನಗೆ ಹಿತವೆನಿಸಿತು.

ನೀರ್ಚಾಲಿನ ಅಮ್ಮ:

ಅಜ್ಜ, ನೀವು ಹೇಳಿದ್ದು ನನ್ನ ಮನಸ್ಸಿಗೆ ಬಂದಿರಲೇ ಇಲ್ಲ. ಆಮಂತ್ರಣದ ಚೀಟಿಯಲ್ಲಿ ಮಗಳು ಭೂತಗಳ ಸಂಜೆ ಎಂದು ಬರೆದಿದ್ದಳು. ನಿಮ್ಮ ಮಾತನ್ನು ಓದಿ ಹೇಳಿದ ಮೇಲೆ ಅವಳೇ ಅದನ್ನು ಅಳಿಸಿ ಗುಮ್ಮನ ಸಂಜೆ ಎಂದು ತಿದ್ದಿದ್ದಾಳೆ.

ಕುಂಬಳೆಯ ಪ್ರೇಕ್ಷಕ:

ಅಜ್ಜನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದರೊಂದಿಗೆ ಇನ್ನೊಂದು ದಾರಿಯನ್ನು ಸೂಚಿಸುತ್ತೇನೆ. ಚಿಕ್ಕಂದಿನಲ್ಲಿ ನಮ್ಮನ್ನು ನಿಜವಾಗಿ ಹೆದರಿಸಿದ್ದು ಯಕ್ಷಗಾನದ ಬಣ್ಣದ ವೇಷ. ನಡುರಾತ್ರಿಯ ನಂತರ, ಅಮ್ಮನ ಮಡಿಲಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಗ, ಚೆಂಡೆಯ ಪೆಟ್ಟು ಏರಿ, ರಂಗಸ್ಥಳದ ಆಚೆಯಿಂದ ಆರ್ಭಟ ಕೇಳಿ, ಪಂಜಿನ ಬೆಳಕಿನಲ್ಲಿ ಆ ಮುಖ ಕಂಡಾಗ ಆದ ನಡುಕ ಇಂದಿಗೂ ನೆನಪಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾದ ನನಗೆ, ಹೆದರಿಕೆಯ ರೂಪ ಬೇಕೆಂದಾಗ ಕುಂಬಳಕಾಯಿಯನ್ನು ಕೊರೆಯುವುದಕ್ಕಿಂತ ಮೊದಲು ಹೊಳೆಯುವುದು ಅದೇ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಕ್ಷಸನ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ ಮುಳ್ಳಿನಂತೆ ಒಂದೊಂದಾಗಿ ಇಡುವ ಚುಟ್ಟಿಯನ್ನು ನೋಡಿದ್ದೀರಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಅದನ್ನು ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಪ್ಪು ಚಾಕೊಲೇಟಿನಲ್ಲಿ ಅದ್ದಿದ ಮಾರಿ ಬಿಸ್ಕಿಟಿನ ಮೇಲೆ ಬಿಳಿ ಚಾಕೊಲೇಟಿನ ಚುಕ್ಕಿಗಳನ್ನು ಇಟ್ಟರೆ ಅದೇ ಚುಟ್ಟಿ ಆಗುತ್ತದೆ. ಬಟರ್ ಪೇಪರನ್ನು ಕೊಟ್ಟೆಯಂತೆ ಸುತ್ತಿ, ತುದಿಯನ್ನು ಸೂಜಿಮೊನೆಯಷ್ಟೇ ಕತ್ತರಿಸಿ, ಬಿಳಿ ಚಾಕೊಲೇಟನ್ನು ತುಂಬಿ, ಅದು ಹರಿಯುವಷ್ಟು ತೆಳುವಾಗಿರುವಾಗ ಇಡದೆ, ಸ್ವಲ್ಪ ತಣಿದು ದಪ್ಪವಾದ ಮೇಲೆ ಚುಕ್ಕಿಯಿಟ್ಟು ಮೇಲಕ್ಕೆ ಎಳೆದರೆ ತುದಿ ಮುಳ್ಳಿನಂತೆ ನಿಲ್ಲುತ್ತದೆ. ಎರಡು ಹುಬ್ಬಿನ ಮೇಲೆ, ಗಲ್ಲದ ಸುತ್ತ, ಮೂಗಿನ ತುದಿಯಲ್ಲಿ ಒಂದು ದೊಡ್ಡ ಉಂಡೆ. ಕುಂಭಕರ್ಣನೋ ರಾವಣನೋ ಎಂದು ಮಕ್ಕಳೇ ಹೆಸರಿಡಲಿ. ರಾಕ್ಷಸನ ವೇಷ ರಂಗದ ಪಾತ್ರವಾದ್ದರಿಂದ ಅಜ್ಜನವರ ಆಕ್ಷೇಪ ಇಲ್ಲಿಗೆ ಬರಲಾರದೆಂದು ಭಾವಿಸಿದ್ದೇನೆ.

ಪೆರ್ಲದ ಅಜ್ಜ:

ವೇಷಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕಿರೀಟವನ್ನು ತಿಂಡಿಯಲ್ಲಿ ಮಾಡಬೇಡಿ. ಚೌಕಿಯಲ್ಲಿ ದೇವರ ಮುಂದಿಟ್ಟು ಪೂಜಿಸುವ ವಸ್ತು ಅದು. ಮುಖ ಸಾಕು.

ಮಂಜೇಶ್ವರದ ಟೀಚರ್:

ಕೂಟದಲ್ಲಿ 3 ವರ್ಷದ ಮಗು ಇದೆಯೆಂದು ಓದಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಗೇರುಬೀಜ, ಬಾದಾಮಿ, ನೆಲಗಡಲೆಗಳನ್ನು ಕೊಡಬಾರದು; ಓಡುತ್ತಾ ನಗುತ್ತಾ ತಿನ್ನುವಾಗ ಅವು ಶ್ವಾಸನಾಳಕ್ಕೆ ಜಾರಿ ಉಸಿರು ಕಟ್ಟುವ ಅಪಾಯ ನಿಜವಾಗಿ ಇದೆ. ಚಾಕೊಲೇಟಿನ ಹೊದಿಕೆಯಿದ್ದರೆ ಒಳಗೆ ಏನಿದೆಯೆಂದು ಬಡಿಸುವವರಿಗೂ ತಿಳಿಯದೆ ಹೋಗುತ್ತದೆ. ಚಿಕ್ಕವರಿಗೆ ಬೇರೆ ತಟ್ಟೆಯನ್ನೇ ಇಡಿ, ಅದರಲ್ಲಿ ಬಿಸ್ಕಿಟ್ ಮತ್ತು ತುಂಡು ಮಾಡಿದ ಮೆತ್ತನೆಯ ಸುಕೇಳಿ ಮಾತ್ರ ಇರಲಿ.

ಬೀಜಗಳು ಒಗ್ಗದ ಮಕ್ಕಳು ಇದ್ದಾರೆಯೇ ಎಂದು ಹೆತ್ತವರನ್ನು ಮುಂಚಿತವಾಗಿ ಕೇಳಿಕೊಳ್ಳಿ. ಇದ್ದರೆ, ಗೇರುಬೀಜ ಅದ್ದಿದ ಪಾತ್ರೆಯಲ್ಲಿ ಉಳಿದ ಚಾಕೊಲೇಟನ್ನು ಚಕ್ಕುಲಿಗೆ ಬಳಸಬಾರದು. ಬೀಜವಿಲ್ಲದ್ದನ್ನೆಲ್ಲ ಮೊದಲು ಅದ್ದಿ ಮುಗಿಸಿ, ಕೊನೆಗೆ ಬೀಜಕ್ಕೆ ಬನ್ನಿ. ಮನೆಯಲ್ಲಿ ನಾಯಿ ಇದ್ದರೆ ಬಿದ್ದ ಚೂರುಗಳನ್ನು ಕೂಡಲೇ ಗುಡಿಸಿಬಿಡಬೇಕು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ, ಕಪ್ಪು ಚಾಕೊಲೇಟಿನಲ್ಲಿ ಅದು ಇನ್ನೂ ಹೆಚ್ಚು.

ಹೆದರಿಕೆಯ ವಿಚಾರದಲ್ಲಿ ನನ್ನ ತರಗತಿಯ ಅನುಭವವನ್ನು ಹೇಳುವುದಾದರೆ, ಮಗು ತಾನೇ ಮಾಡಿದ ಜೇಡಕ್ಕೆ ಹೆದರುವುದಿಲ್ಲ. ಎಂಟು ಕಾಲುಗಳನ್ನು ಎಣಿಸಿ ಸಿಕ್ಕಿಸುವ ಕೆಲಸವನ್ನು ಚಿಕ್ಕವರಿಗೇ ಬಿಡಿ, ಬಿಸಿ ಪಾತ್ರೆಯ ಬಳಿ ದೊಡ್ಡವರು ಇರಲಿ.

ತೋಟದಮನೆ, ಮುಳ್ಳೇರಿಯ:

ಎಲ್ಲರೂ ಪೇಟೆಯ ಚಾಕೊಲೇಟಿನ ಬಗ್ಗೆ ಬರೆಯುತ್ತಿದ್ದೀರಿ. ನಮ್ಮಲ್ಲಿ ಎಷ್ಟು ಮನೆಗಳ ಅಡಿಕೆ ತೋಟದ ನಡುವೆ ಕೊಕ್ಕೊ ಗಿಡಗಳಿವೆ! 1970ರ ದಶಕದಲ್ಲಿ ನಮ್ಮ ಹಿರಿಯರು ಬಹಳ ಭರವಸೆಯಿಂದ ನೆಟ್ಟ ಬೆಳೆ ಅದು. ಆ ದಶಕದ ಕೊನೆಗೆ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡಗಳನ್ನು ಕಡಿಯಲು ಕತ್ತಿ ಎತ್ತಿದ್ದಾಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಹಸಿ ಕೊಕ್ಕೊವನ್ನು ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದ ವಿಟ್ಲದ ಕೇಂದ್ರದಲ್ಲಿ ಕೊಕ್ಕೊ ತಳಿಗಳ ಕೆಲಸ ಇಂದಿಗೂ ನಡೆಯುತ್ತಿದೆ. ಇಷ್ಟೆಲ್ಲ ನಮ್ಮ ಸುತ್ತಲೇ ಆಗಿರುವಾಗ, ಮಕ್ಕಳಿಗೆ ಚಾಕೊಲೇಟ್ ಎಲ್ಲಿಂದ ಬರುತ್ತದೆಂದು ತೋರಿಸಲು ಈ ಕೂಟಕ್ಕಿಂತ ಒಳ್ಳೆಯ ದಿನ ಯಾವುದು?

ಮನೆಯಲ್ಲಿ ಮಾಡುವ ಕ್ರಮ ಇಷ್ಟು. ಕೋಡನ್ನು ಒಡೆದು, ಬಿಳಿ ತಿರುಳಿನ ಸಮೇತ ಬೀಜಗಳನ್ನು ಬುಟ್ಟಿಯಲ್ಲಿ ಬಾಳೆಎಲೆಯಿಂದ ಮುಚ್ಚಿ 5ರಿಂದ 7 ದಿನ ಹುಳಿಯಲು ಬಿಡಬೇಕು, ನಡುನಡುವೆ ಮೇಲೆ ಕೆಳಗೆ ಮಾಡುತ್ತಿರಬೇಕು. ಬುಟ್ಟಿಗೆ ಕೈಯಿಟ್ಟರೆ ಬಿಸಿಯಾಗಿರುತ್ತದೆ. ಆ ಬಿಸಿ ಮತ್ತು ಹುಳಿಯೇ ಬೀಜವನ್ನು ಕೊಂದು ಒಳಗೆ ಚಾಕೊಲೇಟಿನ ರುಚಿಗೆ ಬೇಕಾದ ಬದಲಾವಣೆಗಳನ್ನು ತರುತ್ತದೆ. ಹುಳಿಯಲು ಬಿಡದೆ ಒಣಗಿಸಿದ ಬೀಜ ಎಷ್ಟು ಹುರಿದರೂ ಬರೀ ಕಹಿ. ಆಮೇಲೆ ಒಂದು ವಾರ ಬಿಸಿಲಿನಲ್ಲಿ ಒಣಗಿಸಿ, ಸಿಪ್ಪೆ ಸಿಡಿಯುವವರೆಗೆ ಹದ ಉರಿಯಲ್ಲಿ ಹುರಿದು, ಕೇರಿ ಸಿಪ್ಪೆ ಹಾರಿಸಬೇಕು.

ಆದರೆ ಅದನ್ನು ಹೊದಿಕೆಗೆ ಬಳಸಲು ಹೋಗಬೇಡಿ ಎಂದು ನಾನೇ ಹೇಳುತ್ತೇನೆ. ಮಿಕ್ಸಿಯಲ್ಲಿ ಅರೆದರೆ ನಾಲಗೆಗೆ ಮರಳಿನಂತೆ ತಾಗುತ್ತದೆ. ಕಾರ್ಖಾನೆಯ ನುಣುಪು ಮನೆಯಲ್ಲಿ ಬರುವುದಿಲ್ಲ. ಬದಲಾಗಿ, ಹುರಿದ ಬೀಜವನ್ನು ಬೆಲ್ಲದೊಂದಿಗೆ ತರಿತರಿಯಾಗಿ ಕುಟ್ಟಿ ತಟ್ಟೆಯ ಮೇಲೆ ಹರಡಿದರೆ ಮಳೆ ನಿಂತ ತೋಟದ ಕಪ್ಪು ಮಣ್ಣಿನಂತೆಯೇ ಕಾಣುತ್ತದೆ. ಅದರೊಳಗಿಂದ ಬೆರಳುಗಳು ಹೊರಗೆ ಇಣುಕಲಿ, ಜೇಡಗಳು ಮೇಲೆ ಹರಿಯಲಿ.

ನೀರ್ಚಾಲಿನ ಅಮ್ಮ:

ತೋಟದ ಅಣ್ಣ, ಆ ಮಣ್ಣನ್ನು ಖಂಡಿತ ಮಾಡುತ್ತೇನೆ. ನಮ್ಮ ಹಿತ್ತಿಲಲ್ಲೂ ನಾಲ್ಕು ಗಿಡಗಳಿವೆ, ಅಳಿಲು ಬಿಟ್ಟರೆ ಕೋಡು ಸಿಗುತ್ತದೆ. ನಿನ್ನೆ ಎರಡನೆಯ ಪ್ರಯತ್ನ ಮಾಡಿದೆ. ಬೆಳಗ್ಗೆ ಐದು ಗಂಟೆಗೆ ಎದ್ದು, ಒಲೆ ಹೊತ್ತಿಸುವ ಮೊದಲು, ಅಡುಗೆಮನೆ ಇನ್ನೂ ತಣ್ಣಗಿರುವಾಗಲೇ ಕಾಂಪೌಂಡನ್ನು ಕರಗಿಸಿ ಅದ್ದಿದೆ. ಎಣ್ಣೆ ಇಳಿಸಿದ ಚಕ್ಕುಲಿಯ ಮೇಲಿನ ಹೊದಿಕೆ ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಯಿತು. ಬಟರ್ ಪೇಪರ್ ಮುಗಿದಾಗ, ಒರೆಸಿ ಪೂರ್ತಿ ಒಣಗಿಸಿದ ಬಾಳೆಎಲೆಯ ಮೇಲೆ ಜೇಡಗಳನ್ನು ಬಿಟ್ಟೆ. ಗಟ್ಟಿಯಾದ ಮೇಲೆ ಎಲೆ ತಾನಾಗಿ ಬಿಟ್ಟುಕೊಂಡು, ಹೊಟ್ಟೆಯ ಮೇಲೆ ಎಲೆಯ ಗೆರೆಗಳ ಅಚ್ಚು ಉಳಿದಿತ್ತು. ಮಗಳಿಗೆ ಅದೇ ಹೆಚ್ಚು ಇಷ್ಟವಾಯಿತು.

ಈಗ ಬಣ್ಣದ ಪ್ರಶ್ನೆ. ಬೆರಳಿಗೆ ರಕ್ತ ಬೇಕೆಂದು ಮಕ್ಕಳ ಹಟ. ಬಿಳಿ ಚಾಕೊಲೇಟಿಗೆ ಬೀಟ್‌ರೂಟ್ ರಸವನ್ನು ಬೆರೆಸಬಹುದೇ?

ಬೇಕರಿ, ಕಾಸರಗೋಡು ಪೇಟೆ:

ಬೆರೆಸಬಾರದು ಅಕ್ಕ. ರಸವೂ ನೀರೇ, ಮೊದಲಿನಂತೆ ಮುದ್ದೆ ಕಟ್ಟುತ್ತದೆ. ಕೇಕಿಗೆ ಬಳಸುವ ದ್ರವ ಬಣ್ಣಗಳೂ ಸಾಮಾನ್ಯವಾಗಿ ನೀರಿನವು. ಚಾಕೊಲೇಟಿಗೆ ಎಣ್ಣೆಯಲ್ಲಿ ಕರಗುವ ಬಣ್ಣಗಳು ಬೇರೆಯೇ ಸಿಗುತ್ತವೆ, ಅಥವಾ ಒಣ ಹುಡಿಯ ಬಣ್ಣವನ್ನು ಬಳಸಬಹುದು. ಬೆಳಗಿನ ಜಾವದ ಉಪಾಯ ಬಹಳ ಸರಿಯಾದದ್ದು. ನಮ್ಮಲ್ಲಿ ಯಂತ್ರಗಳಿದ್ದರೂ ಹೊದಿಕೆಯ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸುತ್ತೇವೆ.

ಉಪ್ಪಳದ ಅಡುಗೆಮನೆ:

ರಕ್ತಕ್ಕೆ ಪುನರ್ಪುಳಿ (ಕೋಕಂ) ಇರುವಾಗ ಬೇರೆ ಬಣ್ಣವೇಕೆ? ಒಂದು ಹಿಡಿ ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಸೋಸಿ, ಅಷ್ಟೇ ಅಳತೆಯ ಸಕ್ಕರೆ ಹಾಕಿ, ಎಳೆಪಾಕ ದಾಟುವವರೆಗೆ ಕಾಯಿಸಿ ತಣಿಸಿ. ಗಾಢ ಕೆಂಪಿನ, ನಿಧಾನವಾಗಿ ಜಾರುವ ಪಾಕವಾಗುತ್ತದೆ. ಇದನ್ನು ಚಾಕೊಲೇಟಿಗೆ ಬೆರೆಸುವುದಲ್ಲ. ಹೊದಿಕೆ ಗಟ್ಟಿಯಾಗಿ, ತಟ್ಟೆ ಮಕ್ಕಳ ಮುಂದೆ ಹೋಗುವ ಹೊತ್ತಿಗೆ ಬೆರಳಿನ ಬುಡಕ್ಕೆ ಎರಡೆರಡು ಹನಿ ಬಿಡುವುದು. ಬಿಳಿ ಚಾಕೊಲೇಟಿನ ಅತಿಯಾದ ಸಿಹಿಯನ್ನು ಆ ಹುಳಿ ಹದಕ್ಕೆ ತರುತ್ತದೆ. ಉಳಿದದ್ದಕ್ಕೆ ನೀರು ಬೆರೆಸಿದರೆ ಕುಡಿಯಲು ಶರಬತ್ತೂ ಆಯಿತು.

ನೀರ್ಚಾಲಿನ ಅಮ್ಮ:

ಕೂಟ ಮುಗಿದು ನಾಲ್ಕು ದಿನಗಳಾದವು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಮನೆ ತುಂಬ ನೆಂಟರಿದ್ದರು.

ಅಡಿಕೆ ಹಾಳೆಯ ತಟ್ಟೆಗಳಲ್ಲಿ ಕೊಕ್ಕೊ ಮಣ್ಣನ್ನು ಹರಡಿ ಎಲ್ಲವನ್ನೂ ಜೋಡಿಸಿದೆವು. ಕೂಟದ ಹಿಂದಿನ ದಿನ ಬೆಳಗ್ಗೆ ಐದರಿಂದ ಎಂಟರವರೆಗೆ ನಾನು, ಅತ್ತಿಗೆ ಮತ್ತು ನಾದಿನಿ ಅದ್ದುವ ಕೆಲಸ ಮುಗಿಸಿದೆವು. ಒಟ್ಟು ಒಂದು ಕಿಲೋ ಕಪ್ಪು ಮತ್ತು ಅರ್ಧ ಕಿಲೋ ಬಿಳಿ ಕಾಂಪೌಂಡ್ ಬೇಕಾಯಿತು. ಜೇಡಗಳನ್ನು ಸಂಜೆ ಮಕ್ಕಳೇ ಮಾಡಿದರು. ಟೀಚರ್ ಹೇಳಿದಂತೆ ಕಾಲು ಸಿಕ್ಕಿಸುವ ಕೆಲಸವನ್ನು ಚಿಕ್ಕವರಿಗೆ ಕೊಟ್ಟದ್ದರಿಂದ ಹನ್ನೊಂದು ಕಾಲಿನ ಜೇಡವೂ ಹುಟ್ಟಿತು, ಅದನ್ನು ಮಾಡಿದ ನಾಲ್ಕು ವರ್ಷದ ಹುಡುಗಿ ಯಾರಿಗೂ ತಿನ್ನಲು ಬಿಡದೆ ತನ್ನ ಮನೆಗೆ ಒಯ್ದಳು. ಪುನರ್ಪುಳಿಯ ಹನಿ ಬಿಟ್ಟ ಬೆರಳುಗಳನ್ನು ಕಂಡು ನಮ್ಮ ಮಾವನವರು ಎದ್ದು ನಿಂತರು. ಅವರು ತಿಂದದ್ದೂ ಅದನ್ನೇ ಹೆಚ್ಚು.

ನನ್ನ ಮನಸ್ಸು ತುಂಬಿದ್ದು ಚುಟ್ಟಿಯ ಬಿಸ್ಕಿಟುಗಳಿಂದ. ಐರ್ಲೆಂಡಿನ ಹುಡುಗ ಇಷ್ಟೊಂದು ಚುಕ್ಕಿಗಳು ಯಾಕೆ ಎಂದು ಕೇಳಿದಾಗ, ನನ್ನ ಅತ್ತೆ ಬಣ್ಣದ ವೇಷದ ಪ್ರವೇಶವನ್ನು ಬಾಯಿಯಲ್ಲೇ ಚೆಂಡೆಯ ಪೆಟ್ಟು ಹಾಕುತ್ತಾ ವಿವರಿಸಿದರು. ಮರುದಿನ ರಾತ್ರಿ ಹತ್ತಿರದಲ್ಲೇ ಯಕ್ಷಗಾನದ ಆಟವಿತ್ತು. ಎಲ್ಲ ಮಕ್ಕಳೂ ಹೋದರು, ಎರಡು ಗಂಟೆಯವರೆಗೆ ನಿದ್ದೆ ಮಾಡದೆ ಕಾದು ರಾಕ್ಷಸನನ್ನು ನೋಡಿಯೇ ಬಂದರು.

ಸರಿಯಾಗದೆ ಹೋದದ್ದನ್ನೂ ಹೇಳುತ್ತೇನೆ. ಬಾವಲಿಗಳ ರೆಕ್ಕೆಗಳು ಸಂಜೆಯ ಹೊತ್ತಿಗೆ ಗರಿಗರಿ ಕಳೆದುಕೊಂಡವು. ಹೊದಿಕೆಯಿಲ್ಲದ ಭಾಗಕ್ಕೆ ಗಾಳಿಯ ಪಸೆ ತಾಗಿರಬೇಕು. ಉಳಿದ ಗುಮ್ಮಗಳನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ನಿನ್ನೆ ಹೊರಗೆ ತೆಗೆದಾಗ ಮೈಯೆಲ್ಲ ಬೆವರಿ, ಒಣಗಿದ ಮೇಲೆ ಮೇಲ್ಮೈ ದೊರಗಾಯಿತು. ಚಕ್ಕುಲಿಯ ಕಪ್ಪು ಹೊದಿಕೆಯ ಮೇಲೆ ಬೂದಿಯಂಥ ಪೊರೆಯೂ ಕಾಣುತ್ತಿದೆ. ಬೂಸ್ಟು ಬಂದಿದೆಯೇ, ಬಿಸಾಡಬೇಕೇ?

ಬೇಕರಿ, ಕಾಸರಗೋಡು ಪೇಟೆ:

ಬಿಸಾಡಬೇಡಿ ಅಕ್ಕ, ಬೂಸ್ಟು ಅಲ್ಲ. ಬೂಸ್ಟಾಗಿದ್ದರೆ ನೂಲುನೂಲಾಗಿ ಎದ್ದು ನಿಂತು ವಾಸನೆ ಬರುತ್ತಿತ್ತು. ಗುಮ್ಮಗಳ ಮೇಲೆ ಆದದ್ದು ಸಕ್ಕರೆಯ ಬಿಳುಪು: ತಣ್ಣಗಿನ ಚಾಕೊಲೇಟಿನ ಮೇಲೆ ಗಾಳಿಯ ನೀರು ಕೂತು, ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ಹರಳಾಗಿ ಉಳಿಯಿತು. ಚಕ್ಕುಲಿಯ ಮೇಲಿರುವುದು ಕೊಬ್ಬಿನ ಬಿಳುಪು. ಒಳಗಿನ ಎಣ್ಣೆ ನಿಧಾನವಾಗಿ ಹೊದಿಕೆಗೆ ಇಳಿದು ಮೇಲ್ಮೈಗೆ ಬಂದು ಹರಳುಗಟ್ಟಿದೆ. ಬೆರಳಿನಿಂದ ತೀಡಿದಾಗ ಮಾಯವಾದರೆ ಕೊಬ್ಬು, ದೊರಗು ಉಳಿದರೆ ಸಕ್ಕರೆ. ಎರಡನ್ನೂ ತಿನ್ನಬಹುದು.

ಮುಂದೆ ಫ್ರಿಜ್ಜಿನಲ್ಲಿಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ, ಸುಮಾರು ಒಂದು ಗಂಟೆ, ಮುಚ್ಚಳವನ್ನು ತೆರೆಯಬೇಡಿ. ಆಗ ನೀರು ಡಬ್ಬಿಯ ಹೊರಮೈಯಲ್ಲೇ ನಿಲ್ಲುತ್ತದೆ. ಬಾವಲಿಗಾದರೆ ಸೋಂಟೆಯ ತುದಿಯವರೆಗೂ ತೆಳುವಾಗಿ ಹೊದಿಸಿಬಿಡಿ, ಪಸೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಈಗ ಉಳಿದಿರುವ ಗುಮ್ಮಗಳನ್ನು ಬಿಸಿ ಹಾಲಿಗೆ ಹಾಕಿ ಕದಡಿ ಮಕ್ಕಳಿಗೆ ಕೊಡಿ. ಹೊದಿಕೆ ಕರಗಿ, ಗೇರುಬೀಜ ತಳದಲ್ಲಿ ಉಳಿಯುತ್ತದೆ, ಅದನ್ನು ಚಮಚದಲ್ಲಿ ತೆಗೆದು ದೊಡ್ಡವರು ತಿನ್ನಬಹುದು.

ಪೆರ್ಲದ ಅಜ್ಜ:

ಚುಟ್ಟಿಯ ಬಿಸ್ಕಿಟಿಗೆ ಬಿಳಿ ಚಾಕೊಲೇಟ್ ಎಷ್ಟು ದಪ್ಪವಾದ ಮೇಲೆ ಎಳೆಯಬೇಕೆಂದು ಕುಂಬಳೆಯವರು ಇನ್ನೊಮ್ಮೆ ಬಿಡಿಸಿ ಬರೆಯಬಹುದೇ? ಮೊಮ್ಮಗಳು ಎರಡು ಬಾರಿ ಮಾಡಿನೋಡಿದಳು, ಚುಕ್ಕಿಗಳು ಚಪ್ಪಟೆಯಾಗಿಯೇ ಕೂರುತ್ತಿವೆ.

ಕುಂಬಳೆಯ ಪ್ರೇಕ್ಷಕ:

ಕೊಟ್ಟೆಗೆ ತುಂಬುವ ಮೊದಲು ಚಮಚದಿಂದ ಎತ್ತಿ ಬಿಟ್ಟುನೋಡಲು ಹೇಳಿ ಅಜ್ಜ. ಬಿದ್ದ ಎಳೆ ಕೂಡಲೇ ಮುಳುಗಿದರೆ ಇನ್ನೂ ಬಿಸಿಯಿದೆ. ಹತ್ತು ಎಣಿಸುವವರೆಗೆ ಮೇಲೆಯೇ ಉಳಿದರೆ ಹದ ಬಂದಂತೆ. ಮುಖದ ನಡುವಿನಿಂದ ಹೊರಕ್ಕೆ ಇಡದೆ, ಅಂಚಿನಿಂದ ಒಳಕ್ಕೆ ಇಡುತ್ತಾ ಬರಲಿ, ಆಗ ಕೈ ತಾಗಿ ಮೊದಲಿನ ಚುಕ್ಕಿಗಳು ಕೆಡುವುದಿಲ್ಲ.